ಸಪ್ಪಳ ಮಾಡುವ ಕುಂಚಿಗೆ

ಇವತ್ತು ಬೆಳಿಗ್ಗೆ ಕುಕ್ಕರ್ ಸೀಟಿ ಹೊಡೆದ ಕೂಡಲೇ ತೊಟ್ಟಿಲಲ್ಲಿದ್ದ ನನ್ನ ಮೊಮ್ಮಗಳು ಬೆಚ್ಚಿಬಿದ್ದು ಅತ್ತಳು. ಬೇರೆ ಮನೆಯಲ್ಲಾದರೆ ಅಜ್ಜಿ ಓಡಿಹೋಗಿ ಒಲೆ ಆರಿಸುತ್ತಿದ್ದಳು. ನಾನು ಸೌಟು ಹಿಡಿದುಕೊಂಡು ಅಲ್ಲೇ ನಿಂತೆ, ಇನ್ನೊಂದು ಸೀಟಿ ಬರಲಿ ಎಂದು. ಬಂತು. ಮತ್ತೆ ಅತ್ತಳು. ನನಗೆ ಹಬ್ಬ ಬಂದಂತಾಯಿತು.

"ಏ, ಕೂಸು ಅಳಾಕತ್ತೈತಿ, ನೀ ಅಲ್ಲಿ ನಿಂತು ನಗಾಕತ್ತಿಯಲ್ಲಾ!" ಎಂದು ನಮ್ಮ ಯಜಮಾನರು ಒಳಗಿನಿಂದ ಬೈದರು. ಬೈಯುವ ದನಿಯಲ್ಲೂ ನಗೆಯಿತ್ತು.

ಕೂಸು ಅತ್ತರೆ ನಗುವ ಈ ಮುದುಕಿಗೆ ಏನಾಗಿದೆ ಎಂದು ನೀವು ಕೇಳಬಹುದು. ಹೇಳುತ್ತೇನೆ. ನಾನು ಓದಿದ್ದು ನಾಲ್ಕನೆಯ ಇಯತ್ತೆ, ಅಕ್ಷರ ಸ್ವಲ್ಪ ಸೊಟ್ಟ. ಆದರೆ ಹೊಟ್ಟೆಯಲ್ಲಿ ಇಷ್ಟು ಸಂತೋಷ ಇಟ್ಟುಕೊಂಡು ಸುಮ್ಮನೆ ಕೂಡುವುದು ನನ್ನಿಂದ ಆಗುವುದಿಲ್ಲ. ಹಾಲಿನವನಿಗೆ ಹೇಳಿಯಾಯಿತು, ಕೆಳಗಿನ ಮನೆಯ ತೆಲುಗಿನವರಿಗೆ ಹೇಳಿಯಾಯಿತು, ಸೊಪ್ಪು ಮಾರುವವಳನ್ನು ನಿಲ್ಲಿಸಿ ಹೇಳಿದ್ದಕ್ಕೆ ಅವಳು ಕೊತ್ತಂಬರಿಯ ಒಂದು ಸೂಡು ಹೆಚ್ಚಿಗೆ ಕೊಟ್ಟು ಹೋದಳು. ಇನ್ನು ಉಳಿದವರು ಓದುವವರು.

ನಮ್ಮ ಮನೆ ಬೇಗಂಪೇಟೆಯ ಒಂದು ಓಣಿಯಲ್ಲಿ, ಎರಡನೆಯ ಅಂತಸ್ತಿನಲ್ಲಿದೆ. ಯಜಮಾನರು ಜೀಡಿಮೆಟ್ಲಾದ ಒಂದು ಔಷಧಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಕಲಬುರಗಿ ಬಿಟ್ಟು ಬಂದು ನಮ್ಮ ಅರ್ಧ ಆಯುಷ್ಯ ತೆಲುಗು ನಾಡಿನ ಈ ಊರಲ್ಲೇ ಕಳೆದಿದೆ. ಇರುವವಳು ಒಬ್ಬಳೇ ಮಗಳು. ಅವಳಿಗೆ ಗಚ್ಚಿಬೌಲಿಯ ಒಂದು ಕಚೇರಿಯಲ್ಲಿ ಫೋನಿನಲ್ಲಿ ಮಾತಾಡುವುದೇ ಕೆಲಸ. ಯಾರದೋ ಸಾಮಾನು ಬಂದಿರುವುದಿಲ್ಲ, ಯಾರದೋ ಒಡೆದು ಬಂದಿರುತ್ತದೆ. ಅವರೆಲ್ಲರ ಬೈಗುಳ ಕೇಳಿ, ಸಮಾಧಾನ ಮಾಡಿ, ಆಮೇಲೆ ಇವಳು ಉಣ್ಣಬೇಕು.

ಬಸುರಿಯಾದ ಮೇಲೂ ಕೆಲಸ ಬಿಡಲಿಲ್ಲ. ತುಂಬು ತಿಂಗಳಾದಾಗ ಕಚೇರಿಯವರು ಮನೆಯಿಂದಲೇ ಮಾಡು ಎಂದರು. ಹೆರಿಗೆಗೆ ನಮ್ಮ ಮನೆಗೆ ಬಂದವಳು ದಿವಾನದ ಮೇಲೆ ಒರಗಿ ಕೂತು, ಹೊಟ್ಟೆಯನ್ನೇ ಮೇಜು ಮಾಡಿಕೊಂಡು, ಅದರ ಮೇಲೆ ಫೋನ್ ಇಟ್ಟು ಮಾತಾಡುತ್ತಿದ್ದಳು. ಒಳಗಿನ ಕೂಸು ಒದ್ದಾಗ ಫೋನ್ ಅಲ್ಲಾಡುತ್ತಿತ್ತು. ಒಮ್ಮೆ ಜಾರಿ ನೆಲಕ್ಕೇ ಬಿತ್ತು.

"ನೋಡ, ಕೂಸಿಗೆ ನಿನ್ನ ನೌಕರಿ ಸೇರಂಗಿಲ್ಲ," ಎಂದು ಅವರಪ್ಪ ಹೇಳಿದರು.

"ಇಲ್ಲಪಾ, ತಾನೂ ಫೋನ್ ಎತ್ತತೀನಿ ಅನ್ನಾಕತ್ತೈತಿ," ಎಂದಳು ಮಗಳು. ಮೂವರೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆವು.

ಆ ನಗೆಯೇ ಆಮೇಲೆ ನಮ್ಮನ್ನು ಸುಟ್ಟಿತು.

ಕೂಸು ಸುಖವಾಗಿ ಹುಟ್ಟಿತು. ಹೆಣ್ಣು ಕೂಸು, ತಲೆ ತುಂಬ ಕೂದಲು, ಮೂಗು ಮಾತ್ರ ನಮ್ಮ ಯಜಮಾನರದು, ಅದಕ್ಕೆ ಯಾರೂ ಏನೂ ಮಾಡುವ ಹಾಗಿಲ್ಲ. ಆಸ್ಪತ್ರೆಯಿಂದ ಬಿಡುವ ಮೊದಲು ಒಬ್ಬ ನರ್ಸ್ ಬಂದು, ಕೂಸಿನ ಕಿವಿಯೊಳಗೆ ಬೆಂಡಿನಂತಹ ಮೆತ್ತಗಿನ ಬಿರಡೆ ಇಟ್ಟು, ಅಂಗೈಯಷ್ಟು ಯಂತ್ರವನ್ನು ನೋಡಿದಳು. ಒಂದು ಕಿವಿ ಆಯಿತು, ಇನ್ನೊಂದು ಆಯಿತು, ಮತ್ತೆ ಮೊದಲನೆಯದಕ್ಕೆ ಇಟ್ಟಳು. ಆಮೇಲೆ ಡಾಕ್ಟರ್ ಬಂದು ಹೇಳಿದರು: ಎರಡೂ ಕಿವಿ ಈ ಪರೀಕ್ಷೆಯಲ್ಲಿ ಪಾಸಾಗಿಲ್ಲ, ಆದರೆ ಹೆದರಬೇಡಿ, ಹುಟ್ಟಿದ ಕೂಸಿನ ಕಿವಿಯಲ್ಲಿ ನೀರು, ಬಿಳಿ ಮೇಣ ನಿಂತಿದ್ದರೂ ಹೀಗಾಗುತ್ತದೆ. ಒಂದೂವರೆ ತಿಂಗಳು ಬಿಟ್ಟು ಬನ್ನಿ, ದೊಡ್ಡ ಪರೀಕ್ಷೆ ಮಾಡೋಣ.

ಅವರು ಹೇಳಿದ್ದು ಇಷ್ಟು ಮಾತು. ನಾವು ಮನೆಗೆ ಹೊತ್ತು ತಂದದ್ದು ಮೊದಲನೆಯ ಮಾತನ್ನು ಮಾತ್ರ.

ಅಳಿಯನ ಅಕ್ಕ ಕಲಬುರಗಿಯಲ್ಲಿದ್ದಾಳೆ. ಬಾಯಿ ಜೋರು, ಮನಸ್ಸು ಬೆಣ್ಣೆ. ಆದರೆ ಬೆಣ್ಣೆ ಕಾಣುವ ಮೊದಲು ಬಾಯಿಯನ್ನು ದಾಟಬೇಕು. ಅವಳು ದಿನಾ ಫೋನಿಗೆ ಏನಾದರೂ ವಿಡಿಯೋ ಕಳಿಸುತ್ತಾಳೆ: ಮೆಂತ್ಯದ ನೀರು, ಮೊಳಕಾಲು ನೋವು, ದೇವರ ಮೂರ್ತಿ ಕಣ್ಣು ತೆರೆದದ್ದು. ಈ ಸಲ ಬಂದದ್ದರಲ್ಲಿ ಬಿಳಿ ಕೋಟು ಹಾಕಿಕೊಂಡ ಒಬ್ಬ ಮನುಷ್ಯ ಮಾತಾಡುತ್ತಿದ್ದ. ಅವನ ಹಿಂದೆ ಒಂದು ಮಿದುಳಿನ ಚಿತ್ರ, ಅದರ ಪಕ್ಕ ಒಂದು ಫೋನ್. ಫೋನಿನಿಂದ ಕೆಂಪು ಬಳೆಗಳು ಹೊರಟು ಹೊರಟು ಮಿದುಳಿಗೆ ಬಡಿದು, ಮಿದುಳು ಕೆಂಡದ ಹಾಗೆ ಕೆಂಪಾಗುತ್ತಿತ್ತು. ರೇಡಿಯೇಶನ್ ಎಂಬ ಶಬ್ದವನ್ನು ನಾನು ಆವತ್ತೇ ಸರಿಯಾಗಿ ಕಲಿತದ್ದು.

ಹಿಂದೆಯೇ ಅವಳ ಕರೆ ಬಂತು. ನನಗೆ ಫೋನ್ ಕಿವಿಗೆ ಹಿಡಿದು ರೂಢಿಯಿಲ್ಲ, ಸ್ಪೀಕರ್ ಹಾಕಿಯೇ ಮಾತಾಡುವುದು.

"ಅತ್ತೀ, ವಿಡಿಯೋ ನೋಡಿದಿರೇನ್ರಿ? ನಾ ಸೀಮಂತದಾಗಽ ಹೇಳಿದ್ದಿಲ್ಲಾ? ಹೊಟ್ಟಿ ಮ್ಯಾಲ ಫೋನ್ ಇಟ್ಕೊಂಡ ಕುಂದ್ರಬ್ಯಾಡ ಅಂತ? ಕೂಸಿನ ಮಿದುಳು ಅಂದ್ರ ಬೆಣ್ಣಿ ಇದ್ದಂಗ. ಈಗ ನೋಡ್ರಿ ಕಿವಿ..."

"ಆತವಾ, ಆಮ್ಯಾಲ ಮಾಡ್ತೀನಿ," ಎಂದು ನಾನು ಗಡಬಡಿಸಿ ಆರಿಸುವಷ್ಟರಲ್ಲಿ ಮಗಳಿಗೆ ಎಲ್ಲ ಕೇಳಿಸಿತ್ತು. ಕೂಸಿಗೆ ಮೊಲೆ ಕೊಡುತ್ತ ಕೂತವಳು ತಲೆ ಎತ್ತಲಿಲ್ಲ. ಕೂಸನ್ನು ಮಲಗಿಸಿ, ಎದ್ದು ಅಡಿಗೆ ಮನೆಗೆ ಹೋಗಿ, ತನ್ನ ಫೋನನ್ನು ಜೋಳದ ಹಿಟ್ಟಿನ ಡಬ್ಬಿಯೊಳಗೆ ಹೂತಿಟ್ಟು ಮುಚ್ಚಳ ಹಾಕಿದಳು.

"ನಾನಽ ಮಾಡೀನವ್ವ ಇದನ್ನ," ಎಂದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಸುಲಭವಿತ್ತು.

ನಮ್ಮಲ್ಲಿ ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನ ಸೋದರತ್ತೆ ಕೂಸಿನ ಕಿವಿಯ ಹತ್ತಿರ ಬಾಯಿಟ್ಟು "ಕುರ್‍ರ್..." ಎಂದು ದನಿ ಮಾಡಿ ಹೆಸರು ಹೇಳುತ್ತಾಳೆ. ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ, ನಗುತ್ತಾರೆ. ಎಲ್ಲರಿಗಿಂತ ಮೊದಲು ಹೆಸರು ಕೇಳಬೇಕಾದದ್ದು ಕೂಸು. ಆ ದಿನ ಹತ್ತಿರ ಬಂದಾಗ ಮಗಳು ಬೇಡ ಎಂದುಬಿಟ್ಟಳು.

"ಕಿವಿ ಪರೀಕ್ಷಾ ಆಗೂತನಕ ಬ್ಯಾಡ. ಕೇಳದ ಕಿವ್ಯಾಗ ಹೆಸರು ಹೇಳಿ ನೀವೆಲ್ಲಾರೂ ನಗೂದು ನನಗ ನೋಡಾಕ ಆಗಂಗಿಲ್ಲ."

ಅಳಿಯ ಜೀಡಿಮೆಟ್ಲಾದ ತನ್ನ ಹಾರ್ಡ್‌ವೇರ್ ಅಂಗಡಿ ಮುಚ್ಚಿ ದಿನಾ ಸಂಜೆ ಬರುತ್ತಿದ್ದ. ಅವನೂ ಹೇಳಿ ನೋಡಿದ, ಅವಳು ಒಪ್ಪಲಿಲ್ಲ. ಹೀಗಾಗಿ ನಮ್ಮ ಮನೆಯ ರಾಣಿ ಹೆಸರಿಲ್ಲದೆ ಬರೀ 'ಕೂಸು' ಆಗಿ ಉಳಿದಳು. ಹೆಸರು ಮಗಳ ಮನಸ್ಸಿನಲ್ಲಿ ಎಂದೋ ಸಿದ್ಧವಾಗಿತ್ತು. ಅದನ್ನು ಅವಳು ಗಂಡನಿಗೂ ಹೇಳಿರಲಿಲ್ಲ.

ನಾವು ಸುಮ್ಮನಿದ್ದೆವೆಂದಲ್ಲ. ಯಜಮಾನರು ಒಂದು ದಿನ ಸ್ಟೀಲಿನ ತಾಟು ಬಡಿದು ನೋಡಿದರು. ಕೂಸು ಕಣ್ಣು ಮಿಟುಕಿಸಿತು. ಅದು ಸಪ್ಪಳಕ್ಕೋ, ತಾಟಿನ ಗಾಳಿಗೋ ಯಾರಿಗೆ ಗೊತ್ತು? ಇನ್ನೊಮ್ಮೆ ಬಡಿದರೆ ಮಿಟುಕಿಸಲಿಲ್ಲ. ಅಷ್ಟರಲ್ಲಿ ಸ್ಟೇಷನ್ನಿನ ಕಡೆಯಿಂದ ರೈಲು ಕೂಗಿತು, ಓಣಿಯಲ್ಲಿ ಆಟೋ ಹಾರ್ನ್ ಹೊಡೆಯಿತು. ಕೂಸು ಹಾಯಾಗಿ ಮಲಗಿತ್ತು. ಈ ಊರಿನಲ್ಲಿ ಹುಟ್ಟಿದ ಕೂಸು ಹಾರ್ನಿಗೆ ಹೆದರಬೇಕಾದರೂ ಯಾಕೆ?

"ಅಪ್ಪಾ, ನನ್ನ ಮಗಳ ಮುಂದ ತಾಟು ಬಡೀಬ್ಯಾಡ್ರಿ," ಎಂದಳು ಮಗಳು. ತಾಟು ಕಪಾಟಿಗೆ ಹೋಯಿತು.

ನನ್ನ ಹೆದರಿಕೆ ಬೇರೆ ಇತ್ತು. ದಿನಾ ಕೂಸಿಗೆ ಎಣ್ಣೆ ಹಚ್ಚುವವಳು ನಾನು. ನೆತ್ತಿಯ ಮೇಲೆ ಎಣ್ಣೆ ಇಟ್ಟರೆ ಬೆರಳಿನ ಕೆಳಗೆ ಪುಕುಪುಕು ಎನ್ನುತ್ತದೆ. ಅಲ್ಲಿ ಎಲುಬು ಇನ್ನೂ ಕೂಡಿರುವುದಿಲ್ಲ, ಚರ್ಮದ ಕೆಳಗೆ ಮಿದುಳೇ. ಆಗಿದ್ದು ಆಗಿಹೋಯಿತು, ಇನ್ನು ಮುಂದಾದರೂ ಈ ಬಾಗಿಲಿಂದ ಏನೂ ಒಳಗೆ ಹೋಗಬಾರದಲ್ಲ ಎಂದು ನನ್ನ ಚಿಂತೆ. ನಮ್ಮ ಕಿಟಕಿಯ ಎದುರಿನ ಕಟ್ಟಡದ ಮೇಲೆ ಫೋನಿನ ಟವರ್ ಇದೆ. ಇಷ್ಟು ವರ್ಷ ಅದು ಅಲ್ಲಿದ್ದದ್ದೇ ನನಗೆ ಕಂಡಿರಲಿಲ್ಲ, ಪಾರಿವಾಳ ಕೂಡುವ ಕಂಬ ಎಂದಷ್ಟೇ ಗೊತ್ತಿತ್ತು. ಈಗ ಆ ಕಿಟಕಿ ಮುಚ್ಚಿ, ಮೇಲೆ ದಪ್ಪ ಜಮಖಾನೆ ಇಳಿಬಿಟ್ಟೆ. ಸೆಕೆಗೆ ಎಲ್ಲರೂ ಬೆಂದೆವು.

ಆಗ ಅಳಿಯನ ಅಕ್ಕ ಇನ್ನೊಂದು ವಿಡಿಯೋ ಕಳಿಸಿದಳು. ರೊಟ್ಟಿ ಸುತ್ತುವ ಸಿಲ್ವರ್ ಪೇಪರಿನಲ್ಲಿ ಫೋನ್ ಸುತ್ತಿಟ್ಟರೆ ರೇಡಿಯೇಶನ್ ದಾಟುವುದಿಲ್ಲವಂತೆ. ನಾನು ಯಾರ ಮಾತನ್ನೂ ಕಣ್ಣುಮುಚ್ಚಿ ನಂಬುವವಳಲ್ಲ. ನನ್ನ ಫೋನನ್ನು ಸಿಲ್ವರ್ ಪೇಪರಿನಲ್ಲಿ ಬಿಗಿಯಾಗಿ ಸುತ್ತಿ, ಯಜಮಾನರ ಫೋನಿನಿಂದ ಕರೆ ಮಾಡಿಸಿದೆ. ರಿಂಗ್ ಹೊಡೆಯಲಿಲ್ಲ! ಸಂಪರ್ಕ ಸಿಗುತ್ತಿಲ್ಲ ಎಂದು ಒಬ್ಬ ಹುಡುಗಿ ಮೂರು ಭಾಷೆಯಲ್ಲಿ ಹೇಳಿದಳು. ಬಿಚ್ಚಿದ ಕೂಡಲೇ ಹೊಡೆಯಿತು. ನನಗೆ ಮತ್ತೇನು ಸಾಕ್ಷಿ ಬೇಕು?

ಮೊದಲ ಮೊಮ್ಮಗುವಿಗೆ ತಾಯಿಯ ತಾಯಿ ಕುಂಚಿಗೆ ಹೊಲಿಯುವುದು ನಮ್ಮ ಪದ್ಧತಿ. ನೋಡದವರಿಗೆ ಹೇಳುವುದಾದರೆ, ಅದು ತಲೆಗೆ ಟೊಪ್ಪಿಗೆ, ಬೆನ್ನಿಗೆ ಇಳಿಬಿದ್ದ ಸೆರಗು, ಎರಡೂ ಕೂಡಿದ ಬಟ್ಟೆ. ನಾನು ಹಸಿರು ಖಣದಲ್ಲಿ ಕೆಂಪು ಅಂಚಿಟ್ಟು ಅರ್ಧ ಹೊಲಿದಿದ್ದೆ, ಆಸ್ಪತ್ರೆಯ ಸುದ್ದಿ ಬಂದ ಮೇಲೆ ಕೈ ಓಡಿರಲಿಲ್ಲ. ಈಗ ಮತ್ತೆ ತೆಗೆದೆ. ಹಳೆಯ ಧೋತರದ ಎರಡು ಪದರಿನ ನಡುವೆ ಸಿಲ್ವರ್ ಪೇಪರ್ ಹಾಸಿ, ಅದನ್ನು ಖಣಕ್ಕೆ ಒಳಗಿನಿಂದ ಕೂಡಿಸಿದೆ. ಕೌದಿ ಹೊಲಿದ ಕೈ ನನ್ನದು, ಆದರೂ ಸೂಜಿ ಚುಚ್ಚಿದಲ್ಲೆಲ್ಲ ಪೇಪರ್ ಹರಿಯುತ್ತಿತ್ತು. ಕೊನೆಗೆ ಅದನ್ನು ಮೂರು ಮಡಿಕೆ ಮಾಡಿ ಬರೀ ಅಂಚಿಗೆ ಟಾಕು ಹಾಕಿದೆ.

ಯಜಮಾನರು ಕನ್ನಡಕ ಏರಿಸಿ ನೋಡಿದರು. ಕಾರ್ಖಾನೆಯಲ್ಲಿ ಹೆಲ್ಮೆಟ್ಟು, ಮುಖವಾಡ, ಕೈಗವಸು ಎಲ್ಲ ಹಾಕಿ ದುಡಿದವರು.

"ಇದೇನು, ಕೂಸಿಗೆ ಡಬ್ಬಿ ಕಟ್ಟಾಕತ್ತಿ? ಆಫೀಸಿಗೆ ಊಟಾ ಒಯ್ತೈತೇನ?"

"ನೀವು ಸುಮ್ನಿರ್‍ರಿ. ಫೋನ್ ಹೊಡೀಲಿಲ್ಲ, ನಿಮ್ಮ ಕಣ್ಣೀಲೆ ನೋಡೀರಿಲ್ಲ?"

"ಫೋನಿಗೆ ನಾಕೂ ಕಡೆ ಸುತ್ತಿದ್ದಿ. ಕೂಸಿನ ಮಾರೀನೂ ಸುತ್ತತೀಯೇನ? ಮಾರಿ ಕಡಿಂದ ಬರೂದಕ್ಕ ಏನ್ ಮಾಡ್ತಿ?"

 ನಾನು ಹೊಲಿಗೆ ಇನ್ನಷ್ಟು ಬಿಗಿ ಮಾಡಿದೆ.

ಅದು ಒಂದು ಮಧ್ಯಾಹ್ನ. ಕೂಸಿಗೆ ನೀರು ಹಾಕಿ, ಲೋಬಾನದ ಹೊಗೆ ಕೊಟ್ಟು ಆಗಿತ್ತು. ಕರೆಂಟ್ ಹೋಗಿತ್ತು. ಫ್ಯಾನಿಲ್ಲ, ಫ್ರಿಜ್ಜಿನ ಗುಂಯ್ ಇಲ್ಲ, ಓಣಿಯೂ ಉಂಡು ಮಲಗಿದಂತಿತ್ತು. ಮಗಳು ಗೋಡೆಗೆ ಒರಗಿ ಕೂಸಿಗೆ ಮೊಲೆ ಕೊಡುತ್ತಿದ್ದಳು. ಕೂಸಿನ ಮುಖ ಅವಳ ಕಡೆ, ಬೆನ್ನು ನನ್ನ ಕಡೆ. ನಾನು ಕೊನೆಯ ಟಾಕು ಕಡಿದು, ಕುಂಚಿಗೆಯನ್ನು ಹೊರಮಗ್ಗುಲಿಗೆ ತಿರುವಿ ಒಮ್ಮೆ ಕೊಡವಿದೆ.

ಚರಪರ ಚರಪರ ಎಂದಿತು.

"ಅವ್ವಾ," ಎಂದಳು ಮಗಳು. "ಬಿಟ್ಳು."

"ಏನ ಬಿಟ್ಳು?"

"ಚೀಪೂದು ಬಿಟ್ಳು. ಕಣ್ಣು ಬಿಟ್ಟು ಸುಮ್ಮನಾಗ್ಯಾಳ."

 ಒಂದು ಗಳಿಗೆಯಾದ ಮೇಲೆ ಕೂಸು ಮತ್ತೆ ಚೀಪತೊಡಗಿತು. ನಾನು ಮತ್ತೆ ಕುಂಚಿಗೆ ಹಿಸುಕಿದೆ. ಚರಪರ. ಮತ್ತೆ ಬಿಟ್ಟಳು. ಮಗಳು ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. 

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಯಜಮಾನರು ಚಪ್ಪಲಿ ಬಿಟ್ಟು ಬೆಕ್ಕಿನಂತೆ ಒಳಗೆ ಬಂದರು. ಕಾರ್ಖಾನೆಯ ಬುದ್ಧಿ. "ಗಾಳಿ ತಾಗಿರಬಹುದು. ತಾ ಇಲ್ಲೆ," ಎಂದು ಕುಂಚಿಗೆ ಕಸಿದುಕೊಂಡು ಕಪಾಟಿನ ಹಿಂದೆ ಹೋಗಿ ನಿಂತರು. ಎಷ್ಟು ಹೊತ್ತಾದರೂ ಸಪ್ಪಳವಿಲ್ಲ. ಮುದುಕ ಅಲ್ಲೇ ನಿದ್ದೆ ಹೋದರೇನೋ ಅನ್ನಿಸಿತು. ಕೂಸು ಕಣ್ಣು ಮುಚ್ಚಿ ಚೀಪುತ್ತಿತ್ತು. ಆಮೇಲೆ, ಕಪಾಟಿನ ಹಿಂದಿನಿಂದ, ಚರಪರ.

ಕೂಸು ಬಿಟ್ಟಿತು. ಹುಬ್ಬು ಮೇಲೆ ಹೋಯಿತು. ಯಾರದು ನನ್ನ ಊಟದ ಹೊತ್ತಿನಲ್ಲಿ, ಎನ್ನುವ ಹಾಗೆ.

ಆಗ ಮಗಳು ಅತ್ತಳು. ಇಷ್ಟು ದಿನ ಅಳದಿದ್ದದ್ದನ್ನೆಲ್ಲ ಕೂಡಿಸಿ ಅತ್ತಳು. ಕೂಸಿಗೆ ಗಾಬರಿಯಾಗಿ ಅದೂ ಅತ್ತಿತು. ಯಜಮಾನರು ಕಪಾಟಿನ ಹಿಂದಿನಿಂದ ಹೊರಗೆ ಬಾರದೆ ಅಲ್ಲೇ ಮೂಗು ಒರೆಸಿಕೊಳ್ಳುತ್ತಿದ್ದರು. "ಧೂಳು ಭಾಳ ಐತಿ ಇಲ್ಲೆ," ಎಂದರು. ನನ್ನ ಕಪಾಟಿನ ಹಿಂದೆ ಧೂಳು!

ಆದರೂ ಮನಸ್ಸು ಪೂರ್ತಿ ನಂಬಲಿಲ್ಲ. ಒಂದು ಕಿವಿಯೇ ಇದ್ದರೆ? ಬರೀ ಚರಪರ ಕೇಳಿ ಮಾತು ಕೇಳದಿದ್ದರೆ? ಮಗಳು ದಿನಾ ಸಂಜೆ ಬಂದ ಗಂಡನಿಗೆ ಹೊಸ ಹೊಸ 'ಇದ್ದರೆ'ಗಳನ್ನು ಹೇಳುತ್ತಿದ್ದಳು. ದೊಡ್ಡ ಪರೀಕ್ಷೆಯ ದಿನ ಬಂತು. ಅಳಿಯನ ಅಂಗಡಿಗೆ ಆವತ್ತೇ ಮಾಲು ಬರುವುದಿತ್ತು. ನಾವು ಮೂವರು, ಮತ್ತು ಕುಂಚಿಗೆ ಹಾಕಿಕೊಂಡ ಕೂಸು, ಕ್ಯಾಬಿನಲ್ಲಿ ಹೋದೆವು. ಚಾಲಕನ ಫೋನ್ ದಾರಿ ಹೇಳುತ್ತ ಮುಂದೆ ನೇತಾಡುತ್ತಿತ್ತು. ನಾನು ಕೂಸಿನ ತಲೆಯನ್ನು ಹಿಂದಕ್ಕೆ ತಿರುಗಿಸಿ ಹಿಡಿದು ಕೂತೆ.

ಕಿವಿ ಪರೀಕ್ಷೆ ಮಾಡುವ ಡಾಕ್ಟರಮ್ಮ ನನ್ನ ಮಗಳ ವಯಸ್ಸಿನವಳು, ತೆಲುಗಿನವಳು. ಅವಳ ಮಾತನ್ನು ನಾನು ನನ್ನ ಮಾತಿನಲ್ಲಿ ಬರೆಯುತ್ತೇನೆ. ಬಾಗಿಲಲ್ಲೇ ಒಂದು ಬುಟ್ಟಿ ಇಟ್ಟಿದ್ದಳು.

"ಎಲ್ಲರೂ ಫೋನ್ ಆರಿಸಿ ಇದರಲ್ಲಿ ಹಾಕಿ. ಒಳಗೆ ತರುವ ಹಾಗಿಲ್ಲ."

ನಾನು ಯಜಮಾನರ ಕಡೆ ತಿರುಗಿ, "ಕೇಳಿದಿರೇನ್ರಿ? ನಾ ಏನ್ ಹೇಳಿದ್ದೆ?" ಎಂದೆ. ನನ್ನ ಎದೆ ಉಬ್ಬಿತ್ತು.

ಅವಳಿಗೆ ನನ್ನ ಮಾತು ಅರ್ಥವಾಗದಿದ್ದರೂ ಮುಖ ಅರ್ಥವಾಯಿತು. "ಅಮ್ಮಮ್ಮಾ, ಮಿದುಳು ಕೆಡುತ್ತದೆ ಎಂದಲ್ಲ," ಎಂದಳು. "ಸಪ್ಪಳ ಕೇಳಿದಾಗ ಮಿದುಳಿನಲ್ಲಿ ಒಂದು ಸಣ್ಣ ಮಿಂಚು ಏಳುತ್ತದೆ. ತೀರಾ ಸಣ್ಣದು. ಈ ಯಂತ್ರ ಅದನ್ನು ಹಿಡಿಯಬೇಕು. ಪಕ್ಕದಲ್ಲಿ ಫೋನ್ ಇದ್ದರೆ ಅದರ ಗದ್ದಲದಲ್ಲಿ ಇದು ಮುಚ್ಚಿಹೋಗುತ್ತದೆ. ಸಂತೆಯಲ್ಲಿ ನಿಂತು ಪಿಸುಮಾತು ಕೇಳಿದ ಹಾಗೆ."

ಆಮೇಲೆ ಕುಂಚಿಗೆ ಬಿಚ್ಚಲು ಕೈ ಹಾಕಿದಳು. ಚರಪರ. ನಿಂತಳು. ಮತ್ತೆ ಹಿಸುಕಿದಳು. ಅಂಚು ಮಗುಚಿ ನೋಡಿದಳು.

"ಇದರೊಳಗೆ ಏನಿದೆ?"

 ಯಜಮಾನರಿಗೆ ಸಿಕ್ಕಿತಲ್ಲ ಅವಕಾಶ! "ಸಿಲ್ವರ್ ಪೇಪರ್ ಮೇಡಂ. ರೊಟ್ಟಿ ಸುತ್ತತಾರಲ್ಲಾ, ಅದು. ನಮ್ಮ ಮನೆಯಾಕಿ ಕೂಸು ಆರಬಾರದಂತ..." ಎಂದು ತಮ್ಮ ಹರುಕು ತೆಲುಗಿನಲ್ಲಿ ಹೇಳಿದರು. ಡಾಕ್ಟರಮ್ಮ ನಗೆ ತಡೆಯಲು ಗೋಡೆಯ ಕಡೆ ತಿರುಗಿದಳು.

ಕೂಸಿನ ಹಣೆಗೆ, ಕಿವಿಯ ಹಿಂದೆ ಸಣ್ಣ ಸಣ್ಣ ಬಿಲ್ಲೆ ಅಂಟಿಸಿ ವೈರು ಜೋಡಿಸತೊಡಗಿದಳು. ನಾನು ಸಿಲ್ವರ್ ಪೇಪರ್ ಹೊಲಿದು ಕಾಯ್ದ ತಲೆಗೆ ಇವಳು ವೈರು ಹಚ್ಚುವುದೇ? "ಯವ್ವಾ, ತಲಿಗೆ ಕರೆಂಟ್ ಕೊಡ್ತಾರೇನವ್ವ ಇವರು?" ಎಂದು ಮಗಳ ತೋಳು ಹಿಡಿದೆ.

ಮಗಳು ತೆಲುಗಿನಲ್ಲಿ ಕೇಳಿ ನನಗೆ ಹೇಳಿದಳು: "ಕೊಡೂದಿಲ್ಲಂತವ್ವ. ಒಳಗಿಂದ ಬರೂದನ್ನ ಕೇಳತಾರಂತ, ಅಷ್ಟ."

ಕೂಸು ನಿದ್ದೆ ಮಾಡಿದರೆ ಮಾತ್ರ ಪರೀಕ್ಷೆ. ನಮ್ಮ ಕೂಸು ಮಾಡಲಿಲ್ಲ. ತಣ್ಣಗಿನ ಕೋಣೆ, ಹೊಸ ವಾಸನೆ, ತಲೆಗೆ ವೈರು. ಮೊಲೆ ಕೊಟ್ಟಾಯಿತು, ತಟ್ಟಿಯಾಯಿತು, ನಾನು ಜೋಗುಳ ಹಾಡಿಯಾಯಿತು. ಹೊರಗೆ ಬೇರೆ ಕೂಸುಗಳು ಕಾಯುತ್ತಿದ್ದವು. ಆಗ ಮಗಳು ಕೈ ಚಾಚಿ ಕುರ್ಚಿಯ ಮೇಲಿದ್ದ ಕುಂಚಿಗೆ ತೆಗೆದುಕೊಂಡು, ಕೂಸಿನ ತಲೆಯಿಂದ ದೂರದಲ್ಲಿ ಮೆತ್ತಗೆ ಹಿಸುಕತೊಡಗಿದಳು. ಚರಪರ, ಚರಪರ. ಆ ಮಧ್ಯಾಹ್ನದ ನಂತರ ಮನೆಯಲ್ಲಿ ನಾವು ಅದನ್ನು ಎಷ್ಟು ಸಲ ಹಿಸುಕಿದ್ದೆವೆಂದರೆ ಕೂಸಿಗೆ ಅದು ತನ್ನ ಮನೆಯ ಸಪ್ಪಳವಾಗಿಬಿಟ್ಟಿತ್ತು. ಅಳು ಸಣ್ಣದಾಯಿತು. ಬಿಕ್ಕಿತು. ಕಣ್ಣು ಮುಚ್ಚಿತು.

ಡಾಕ್ಟರಮ್ಮ ಯಂತ್ರ ಬಿಟ್ಟು ಮಗಳನ್ನೇ ನೋಡುತ್ತಿದ್ದಳು. ಮುಗುಳ್ನಕ್ಕು, ಕೂಸಿನ ಕಿವಿಗೆ ಬಿರಡೆ ಇಟ್ಟಳು.

ಎಷ್ಟು ಹೊತ್ತು ಹಿಡಿಯಿತೋ. ಪರದೆಯ ಮೇಲೆ ಗೆರೆಗಳು ಬಂದವು. ನಡುಗುವ ಗೆರೆ, ಏರುವ ಗೆರೆ. ರಂಗೋಲಿ ಬಾರದವಳು ಹಾಕಿದ ರಂಗೋಲಿಯ ಹಾಗೆ. ಅದರಲ್ಲಿ ಒಳ್ಳೆಯದು ಯಾವುದು ಕೆಟ್ಟದ್ದು ಯಾವುದು ನನಗೆ ತಿಳಿಯಲಿಲ್ಲ. ನಾನು ಡಾಕ್ಟರಮ್ಮನ ಮುಖವನ್ನೇ ಓದುತ್ತ ಕೂತೆ. ಒಂದು ಕಿವಿ ಮುಗಿಸಿ ಇನ್ನೊಂದಕ್ಕೆ ಬಂದಳು. ಸಪ್ಪಳವನ್ನು ಸಣ್ಣದು, ಇನ್ನೂ ಸಣ್ಣದು ಮಾಡುತ್ತ ಹೋದಳಂತೆ, ಆಮೇಲೆ ಮಗಳು ಹೇಳಿದ್ದು. ಕೊನೆಗೆ ಬೆರಳಿನಿಂದ ಪರದೆಯ ಮೇಲಿನ ಒಂದು ಉಬ್ಬನ್ನು ತೋರಿಸಿದಳು.

"ಇದು ನಿಮ್ಮ ಕೂಸಿನ ಮಿದುಳು. ಕೇಳಿದೆ ಎಂದು ಹೇಳುತ್ತಿದೆ. ಪಿಸುಮಾತಿನಷ್ಟು ಸಣ್ಣ ಸಪ್ಪಳವೂ ಮುಟ್ಟುತ್ತಿದೆ. ಎರಡೂ ಕಿವಿ ಚೆನ್ನಾಗಿವೆ."

ನನ್ನ ಮಗಳು ಕೂತಲ್ಲೇ ಮುಂದಕ್ಕೆ ಬಾಗಿ, ಕೂಸು ಎಚ್ಚರವಾಗದಂತೆ ಅದರ ಪಾದಕ್ಕೆ ಹಣೆ ಹಚ್ಚಿದಳು. ಹಾಗೇ ತೆಲುಗಿನಲ್ಲಿ ಕೇಳಿದಳು, ತಲೆ ಎತ್ತದೆ: "ನಾನು ಹೊಟ್ಟೆಯ ಮೇಲೆ ಫೋನ್ ಇಟ್ಟುಕೊಳ್ಳುತ್ತಿದ್ದೆ. ಅದರಿಂದ ಮುಂದೆ ಮಿದುಳಿಗೆ ಏನಾದರೂ...?"

ಡಾಕ್ಟರಮ್ಮ ವೈರು ಬಿಡಿಸುವುದನ್ನು ನಿಲ್ಲಿಸಿದಳು. ಫೋನಿನ ಅಲೆಗಳಿಂದ ಮಿದುಳಿಗೆ ಏನಾಗುತ್ತದೆ ಎಂದು ತಿಳಿದವರು ಇನ್ನೂ ನೋಡುತ್ತಲೇ ಇದ್ದಾರೆ, ಎಲ್ಲ ಪ್ರಶ್ನೆಗೂ ಉತ್ತರ ಸಿಕ್ಕಿದೆ ಎಂದು ನಾನು ಹೇಳುವುದಿಲ್ಲ, ಎಂದಳು. ಆದರೆ ದಿನಬಳಕೆಯ ಫೋನಿನಿಂದ ಮಿದುಳು ಕೆಡುತ್ತದೆ ಎಂಬುದಕ್ಕೆ ಈವರೆಗೆ ಗಟ್ಟಿ ಪುರಾವೆ ಇಲ್ಲ. ಮೊದಲ ಪರೀಕ್ಷೆ ತಪ್ಪಿದ್ದು ಹೆಚ್ಚುಕಡಿಮೆ ಕಿವಿಯ ನೀರಿನಿಂದಲೇ ಇರಬೇಕು. ಮನಸ್ಸಿಗೆ ಅಳುಕಿದ್ದರೆ ಫೋನನ್ನು ದೂರ ಇಟ್ಟು ಸ್ಪೀಕರಿನಲ್ಲಿ ಮಾತಾಡಿ, ಕೂಸಿನ ಹಾಸಿಗೆಯಲ್ಲಿ ಇಡಬೇಡಿ, ಅಷ್ಟು ಸಾಕು. "ಫೋನ್ ಕೈಯಲ್ಲಿದ್ದಾಗ ನಾವು ಕೂಸಿನ ಜೊತೆ ಮಾತಾಡುವುದಿಲ್ಲ ನೋಡಿ, ನನಗೆ ಅದರದ್ದೇ ಹೆದರಿಕೆ. ಈ ಮಿದುಳಿಗೆ ಬೇಕಾದದ್ದು ನಿಮ್ಮ ಮಾತು. ಮಾತಾಡುತ್ತಲೇ ಇರಿ."

ಆಮೇಲೆ ನನ್ನ ಕಡೆ ತಿರುಗಿ, "ಅಮ್ಮಮ್ಮಾ, ಕುಂಚಿಗೆ ಬಹಳ ಚೆಂದವಿದೆ. ಆ ಪೇಪರ್ ಮಾತ್ರ ತೆಗೆಯಿರಿ. ಕೂಸಿನ ತಲೆ ಬೇಯುತ್ತದೆ," ಎಂದಳು.

ಬುಟ್ಟಿಯಿಂದ ಫೋನ್ ತೆಗೆದುಕೊಂಡು ಮಗಳು ಗಂಡನಿಗೆ ಕರೆ ಮಾಡಿದಳು. ಜೋಳದ ಡಬ್ಬಿಯಿಂದ ಆವತ್ತೇ ಹೊರಗೆ ಬಂದಿತ್ತು ಆ ಫೋನ್, ಸಂದಿಯಲ್ಲಿ ಇನ್ನೂ ಜೋಳದ ಹಿಟ್ಟಿತ್ತು. ಅಳಿಯ ಹಲೋ ಎಂದ. ಇವಳು ಬರೀ ಬಿಕ್ಕುತ್ತಿದ್ದಳು. ಆ ಕಡೆ ಅವನು, "ಏನಾತು? ಇರಲಿ, ಏನಾದ್ರೂ ಇರಲಿ, ನಾ ಅದೀನಿ, ಅಳಬ್ಯಾಡ," ಎನ್ನುತ್ತಿದ್ದ. ಪಾಪ, ಅವನ ದನಿಯೂ ಒಡೆದಿತ್ತು. ನಾನು ಫೋನ್ ಕಸಿದುಕೊಂಡು, ಯಾವ ರೇಡಿಯೇಶನ್ನೂ ನೆನಪಾಗದೆ ಸೀದಾ ಕಿವಿಗೆ ಒತ್ತಿಕೊಂಡು ಒದರಿದೆ: "ಎರಡೂ ಕಿವಿ ಚಲೋ ಅದಾವಪ್ಪಾ! ನಿನ್ನ ಮಗಳ ಎರಡೂ ಕಿವಿ ಚಲೋ ಅದಾವ!"

ವರಾಂಡದಲ್ಲಿ ಕೂತವರೆಲ್ಲ ತಿರುಗಿ ನೋಡಿದರು. ಒಬ್ಬ ಬುರ್ಖಾದ ತಾಯಿ, ಮಡಿಲಲ್ಲಿ ತನ್ನ ಕೂಸನ್ನು ಇಟ್ಟುಕೊಂಡವಳು, ಭಾಷೆ ತಿಳಿಯದಿದ್ದರೂ ಮೇಲೆ ಕೈ ಎತ್ತಿದಳು.

"ಫೋನ್ ಎದಕ್ಕ ಹಿಡ್ಕೊಂಡಿ," ಎಂದರು ಯಜಮಾನರು. "ನಿನ್ನ ದನಿ ಹಂಗಽ ಜೀಡಿಮೆಟ್ಲಾ ಮುಟ್ಟತದ."

ಮುಂದಿನ ವಾರವೇ ತೊಟ್ಟಿಲು ಕಟ್ಟಿದೆವು. ಕಿಟಕಿಯ ಜಮಖಾನೆ ಇಳಿಸಿದ್ದೆ, ಗಾಳಿ ಬರುತ್ತಿತ್ತು. ಎದುರಿನ ಟವರಿನ ಮೇಲೆ ಪಾರಿವಾಳ ಎಂದಿನಂತೆ ಗುಟುರು ಹಾಕುತ್ತಿತ್ತು. ಕಲಬುರಗಿಯಿಂದ ಅಳಿಯನ ಅಕ್ಕ ಬಂದಳು. ಬಂದವಳೇ ಮಗಳನ್ನು ಅಪ್ಪಿಕೊಂಡು, "ನನ್ನ ಬಾಯಿಗಿ ಬೀಗಾ ಇಲ್ಲವಾ ತಂಗಿ, ಮನಸಿಗಿ ಹಚ್ಕೋಬ್ಯಾಡ," ಎಂದಳು.

"ಇವತ್ತ ಆ ಬಾಯಿನಽ ಬೇಕ್ರಿ ಅಕ್ಕಾರ," ಎಂದಳು ಮಗಳು. "ಜೋರಾಗಿ ಮಾಡ್ರಿ."

ಮಾಡಿದಳು ನೋಡಿ! ಹೆಂಗಸರೆಲ್ಲ ಬೆನ್ನಿಗೆ ಗುದ್ದಲು ಸಿದ್ಧವಾಗಿ ನಿಂತಿದ್ದರು. ಕುಂಚಿಗೆ ಹಾಕಿಕೊಂಡ ಕೂಸಿನ ಕಿವಿಯ ಹತ್ತಿರ ಬಾಗಿ, ಹೊಲದಲ್ಲಿ ಹಕ್ಕಿ ಓಡಿಸುವವಳ ಹಾಗೆ "ಕುರ್‍ರ್‍ರ್" ಎಂದಳು. ಕೂಸು ಎರಡೂ ಕೈ ಅಗಲಿಸಿ, ಮುಖ ಕೆಂಪಗೆ ಮಾಡಿ, ಮನೆ ಹಾರಿಹೋಗುವಂತೆ ಕಿರುಚಿತು. ಹೆಂಗಸರು ಗುದ್ದುವುದನ್ನು ಮರೆತು ಚಪ್ಪಾಳೆ ತಟ್ಟಿದರು. "ಕೇಳಿಲ್ಲಂದ್ರ ಈಗ ಹೇಳ್ರಿ!" ಎಂದು ಸೋದರತ್ತೆ ಸೆರಗು ಸಿಕ್ಕಿಸಿಕೊಂಡಳು.

ಆಗ ಮಗಳು ತೊಟ್ಟಿಲ ಈ ಕಡೆಯಿಂದ ಬಾಗಿ, ಇನ್ನೊಂದು ಕಿವಿಯಲ್ಲಿ, ತಾನು ಇಷ್ಟು ದಿನ ಒಳಗೇ ಇಟ್ಟುಕೊಂಡಿದ್ದ ಹೆಸರನ್ನು ಹೇಳಿದಳು. ಪಿಸುಮಾತಿನಲ್ಲಿ. ಪಕ್ಕದಲ್ಲಿ ನಿಂತ ನನಗೂ ಕೇಳಿಸಲಿಲ್ಲ. ಕೂಸು ಅಳು ನಿಲ್ಲಿಸಿ, ಒಂದು ಬಿಕ್ಕು ಬಿಕ್ಕಿ, ತಾಯಿಯ ಕಡೆ ಕಣ್ಣು ಹೊರಳಿಸಿತು.

ಸಿಲ್ವರ್ ಪೇಪರನ್ನು ನಾನು ಎಸೆಯಲಿಲ್ಲ. ಉಳಿದ ಖಣದಲ್ಲಿ ಅಂಗೈಯಗಲದ ಗಿಣಿ ಹೊಲಿದು, ಅದನ್ನು ಒಳಗೆ ತುಂಬಿ, ತೊಟ್ಟಿಲಿಗೆ ಕಟ್ಟಿದ್ದೇನೆ. ಮಗಳು ಮುಟ್ಟಿದರೆ ಚರಪರ ಎನ್ನುತ್ತದೆ. ಮಗಳೆಂದರೆ ಈಗ ಮೊಮ್ಮಗಳು, ನನಗೆ ಇಬ್ಬರೂ ಕೂಡಿಹೋಗಿದ್ದಾರೆ. ಡಾಕ್ಟರಮ್ಮ ಮಾತಾಡುತ್ತಲೇ ಇರಿ ಎಂದದ್ದನ್ನು ನಮ್ಮ ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಪಾಲಿಸುತ್ತಿರುವವಳು ನಾನು. ಅಡಿಗೆ ಮನೆಯಿಂದ ಕರೆಯುತ್ತೇನೆ, ಬಟ್ಟೆ ಒಣಹಾಕುತ್ತ ಕರೆಯುತ್ತೇನೆ, ಪಿಸುಮಾತಿನಲ್ಲಿ ಕರೆಯುತ್ತೇನೆ, ಒದರಿ ಕರೆಯುತ್ತೇನೆ. ಒಂದೊಂದು ಸಲ ತಿರುಗಿ ನೋಡುತ್ತಾಳೆ. ಒಂದೊಂದು ಸಲ, ಈ ಮುದುಕಿಗೆ ಬೇರೆ ಕೆಲಸವಿಲ್ಲವೇ ಎಂದು ಸುಮ್ಮನಿರುತ್ತಾಳೆ.

ಸೀಟಿಯ ಮೇಲೆ ಸೀಟಿ ಹೊಡೆಸಿದ್ದಕ್ಕೆ ಇವತ್ತಿನ ಅನ್ನ ಮುದ್ದೆಯಾಗಿತ್ತು. ಯಾರೂ ಏನೂ ಅನ್ನಲಿಲ್ಲ. ಯಜಮಾನರು ಎರಡನೆಯ ಸಲ ಹಾಕಿಸಿಕೊಂಡು ಉಂಡರು.